ಔಷಧ ತಯಾರಕರ ನೇರ ಮಾರಾಟ (ಅಮೆರಿಕ)

ಔಷಧ ತಯಾರಿಸುವ ಕಂಪನಿಯೇ ವಿಮೆಯ ಮಧ್ಯವರ್ತಿಯನ್ನೂ ಮೆಡಿಕಲ್ ಅಂಗಡಿಯನ್ನೂ ಬಿಟ್ಟು, ತಾನು ಗೊತ್ತುಮಾಡಿದ ಬೆಲೆಗೆ ರೋಗಿಗೆ ಔಷಧ ಮಾರುವ ಪದ್ಧತಿ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇದು 2024ರಿಂದೀಚೆಗೆ ಬಲಗೊಂಡಿತು. ಅದೇ ಅವಧಿಯಲ್ಲಿ ಅಲ್ಲಿನ ಸರಣಿ ಫಾರ್ಮಸಿಗಳು ಸಾವಿರಾರು ಮಳಿಗೆಗಳನ್ನು ಮುಚ್ಚಿದ್ದರಿಂದ ಎರಡನ್ನೂ ಒಂದೇ ಕಥೆಯಾಗಿ ಹೇಳುವ ರೂಢಿ ಬೆಳೆದಿದೆ. ಆದರೆ ಸರಣಿಗಳ ಕಷ್ಟ ಅದಕ್ಕಿಂತ ಹಳೆಯದು.

ಹತ್ತೊಂಬತ್ತನೆಯ ಶತಮಾನದಲ್ಲಿ ಲಿಡಿಯಾ ಪಿಂಕಮ್ ಹೆಸರಿನ ಕಷಾಯದಂಥ ‘ಪೇಟೆಂಟ್ ಔಷಧ’ಗಳ ತಯಾರಕರು ಪತ್ರಿಕಾ ಜಾಹೀರಾತುಗಳ ಮೂಲಕ ನೇರವಾಗಿ ಜನರನ್ನೇ ಮಾತನಾಡಿಸುತ್ತಿದ್ದರು. ಸೀಸೆಯೊಳಗೆ ಮದ್ಯಸಾರವೋ ಅಫೀಮೋ ಇದ್ದರೆ ಅದರ ಮೇಲಿನ ಚೀಟಿಯಲ್ಲಿ ನಮೂದಿಸಬೇಕೆಂದು 1906ರ ಕಾಯ್ದೆ ವಿಧಿಸಿತು. 1951ರ ಡರಮ್–ಹಂಫ್ರಿ ತಿದ್ದುಪಡಿ ವೈದ್ಯರ ಚೀಟಿ ಬೇಕಾದ ಔಷಧಗಳನ್ನು ಉಳಿದವುಗಳಿಂದ ಸ್ಪಷ್ಟವಾಗಿ ಬೇರ್ಪಡಿಸಿತು. ಮುಂದಿನ ದಶಕಗಳಲ್ಲಿ ಸರಣಿಗಳು ಹಬ್ಬಿದವು: 1901ರಲ್ಲಿ ಷಿಕಾಗೋದಲ್ಲಿ ಹುಟ್ಟಿದ ವಾಲ್‌ಗ್ರೀನ್ಸ್, 1962ರಲ್ಲಿ ಸ್ಕ್ರ್ಯಾಂಟನ್‌ನಲ್ಲಿ ಬೇರೊಂದು ಹೆಸರಿನಿಂದ ಶುರುವಾದ ರೈಟ್ ಏಯ್ಡ್, 1963ರಲ್ಲಿ ಲೋವೆಲ್‌ನಲ್ಲಿ ಬಾಗಿಲು ತೆರೆದ ಸಿವಿಎಸ್.

ತಯಾರಕರು ಮತ್ತೆ ಜನರತ್ತ ತಿರುಗಿದ್ದು ಮೊದಲು ಮಾರಾಟಕ್ಕಲ್ಲ, ಪ್ರಚಾರಕ್ಕೆ. ಆಹಾರ ಮತ್ತು ಔಷಧ ಆಡಳಿತವು 1997ರಲ್ಲಿ ನಿಯಮ ಸಡಿಲಿಸಿದ ಮೇಲೆ ಚೀಟಿ ಔಷಧಗಳ ಜಾಹೀರಾತುಗಳು ಟಿವಿಯನ್ನು ತುಂಬಿದವು. ಔಷಧ ಮಾತ್ರ ಹಳೆಯ ದಾರಿಯಲ್ಲೇ ಬರುತ್ತಿತ್ತು.

ಆ ದಾರಿಯ ಮಧ್ಯೆ ಪಿಬಿಎಂ ಎಂಬ ಸಂಸ್ಥೆಗಳು ಕೂತಿದ್ದವು. ಯಾವ ಔಷಧಕ್ಕೆ ವಿಮೆ ಸಿಗಬೇಕು, ತಯಾರಕ ಎಷ್ಟು ರಿಯಾಯಿತಿ ಹಿಂದಿರುಗಿಸಬೇಕು, ಅಂಗಡಿಗೆ ಎಷ್ಟು ಹಣ ಸಲ್ಲಬೇಕು ಎಂದು ವಿಮೆಗಾರರ ಪರವಾಗಿ ತೀರ್ಮಾನಿಸುವವು ಇವು. ತಯಾರಕರು ಮೊದಲು ಇವುಗಳನ್ನೇ ಕೊಂಡುಕೊಳ್ಳಲು ಹೊರಟರು. 1993ರಲ್ಲಿ ಮರ್ಕ್ ಕಂಪನಿ ಮೆಡ್ಕೋವನ್ನು ಕೊಂಡಿತು. ಮರುವರ್ಷ ಇಂಡಿಯಾನಾಪೊಲಿಸ್‌ನ ಎಲಿ ಲಿಲ್ಲಿ ಕಂಪನಿ ಸುಮಾರು 400 ಕೋಟಿ ಡಾಲರ್ ಸುರಿದು ಪಿಸಿಎಸ್ ಎಂಬ ಪಿಬಿಎಂ ಅನ್ನು ತನ್ನದಾಗಿಸಿಕೊಂಡಿತು. ಲಿಲ್ಲಿಯ ಔಷಧಕ್ಕೆ ಪಿಸಿಎಸ್ ಪಕ್ಷಪಾತ ಮಾಡಬಾರದೆಂಬ ಷರತ್ತನ್ನು ಸರ್ಕಾರ ಹಾಕಿದ ಮೇಲೆ ಆ ವ್ಯವಹಾರ ಲಾಭ ತರಲಿಲ್ಲ. ಐದು ವರ್ಷ ತುಂಬುವುದರೊಳಗೆ ಲಿಲ್ಲಿ ಅದನ್ನು ಸುಮಾರು 150 ಕೋಟಿಗೆ ಮಾರಿಬಿಟ್ಟಿತು. ಕೊಂಡದ್ದು ರೈಟ್ ಏಯ್ಡ್. ಅದೂ 2000ದಲ್ಲಿ ನಷ್ಟಕ್ಕೆ ಕೈಬಿಟ್ಟಿತು. ಇಂದಿನ ಬೆಳವಣಿಗೆಗೆ ಇದಕ್ಕಿಂತ ಒಳ್ಳೆಯ ಪೀಠಿಕೆ ಇಲ್ಲ.

ಸಿವಿಎಸ್ ಮಾತ್ರ 2007ರಲ್ಲಿ ಕೇರ್‌ಮಾರ್ಕ್ ಎಂಬ ಪಿಬಿಎಂ ಅನ್ನು ಸೇರಿಸಿಕೊಂಡು ಗೆದ್ದಿತು. ಕೇರ್‌ಮಾರ್ಕ್, ಎಕ್ಸ್‌ಪ್ರೆಸ್ ಸ್ಕ್ರಿಪ್ಟ್ಸ್, ಆಪ್ಟಮ್ ಆರ್‌ಎಕ್ಸ್ ಈ ಮೂರರ ಕೈಯಲ್ಲೇ ಈಗ ದೇಶದ ಔಷಧ ಚೀಟಿಗಳ ಸುಮಾರು ಶೇ 80ರಷ್ಟು ವ್ಯವಹಾರವಿದೆ. ಅವು ಅಂಗಡಿಗೆ ಕೊಡುವ ಹಣ ಕುಗ್ಗುತ್ತ ಬಂದಂತೆ, ದುಬಾರಿ ಬ್ರ್ಯಾಂಡ್ ಔಷಧ ಮಾರಿ ನಷ್ಟ ಅನುಭವಿಸುವ ಪರಿಸ್ಥಿತಿ ಫಾರ್ಮಸಿಗಳಿಗೆ ಬಂತು. ತೂಕ ಇಳಿಸುವ ಚುಚ್ಚುಮದ್ದುಗಳ ವಿಷಯದಲ್ಲಿ ಸಣ್ಣ ಅಂಗಡಿಗಳವರು ಇದನ್ನೇ ಎತ್ತಿ ಹೇಳಿದ್ದಾರೆ.

ನೇರ ಮಾರಾಟ ಕುದುರಿದ್ದೂ ಆ ಚುಚ್ಚುಮದ್ದುಗಳಿಂದಲೇ. ಅನೇಕ ವಿಮೆಗಳು ಅವುಗಳ ವೆಚ್ಚ ಭರಿಸುತ್ತಿರಲಿಲ್ಲ. ಕೈಯಿಂದ ಕೊಡಬೇಕಾದವರಿಗೆ ಪಟ್ಟಿಯ ಬೆಲೆ ತಿಂಗಳಿಗೆ 1,000 ಡಾಲರ್ ದಾಟುತ್ತಿತ್ತು. ಲಿಲ್ಲಿ 2024ರ ಜನವರಿಯಲ್ಲಿ ‘ಲಿಲ್ಲಿಡೈರೆಕ್ಟ್’ ಆರಂಭಿಸಿತು. ಆಗಸ್ಟ್‌ನಲ್ಲಿ ಜೆಪ್‌ಬೌಂಡ್ ಎಂಬ ತನ್ನ ಚುಚ್ಚುಮದ್ದನ್ನು ಚುಚ್ಚುವ ಪೆನ್ನಿನ ಬದಲು ಸೀಸೆಯಲ್ಲಿ ತುಂಬಿ, ಆರಂಭದ ಪ್ರಮಾಣವನ್ನು 399 ಡಾಲರಿಗೆ ಕೊಟ್ಟಿತು. ಸಿರಿಂಜಿಗೆ ಎಳೆದುಕೊಂಡು ಚುಚ್ಚಿಕೊಳ್ಳುವ ಕೆಲಸ ರೋಗಿಯದು. 2025ರ ಮಾರ್ಚ್‌ನಲ್ಲಿ ನೋವೊ ನಾರ್ಡಿಸ್ಕ್ ಕಂಪನಿ ತನ್ನ ಅಂಥದೇ ಚುಚ್ಚುಮದ್ದಾದ ವೆಗೋವಿಯನ್ನು 499 ಡಾಲರಿಗೆ ಮನೆಗೆ ಕಳಿಸತೊಡಗಿತು. ಸೆಪ್ಟೆಂಬರ್‌ನಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಎಲಿಕ್ವಿಸ್ ಮಾತ್ರೆಯೂ ತಿಂಗಳಿಗೆ 346 ಡಾಲರಿನಂತೆ ಇದೇ ಹಾದಿ ಹಿಡಿಯಿತು.

ಇಷ್ಟರಲ್ಲಿ ರೈಟ್ ಏಯ್ಡ್ 2023ರಲ್ಲಿ ಒಮ್ಮೆ, 2025ರ ಮೇ ತಿಂಗಳಲ್ಲಿ ಇನ್ನೊಮ್ಮೆ ದಿವಾಳಿಗೆ ಅರ್ಜಿ ಹಾಕಿ, ಅಕ್ಟೋಬರ್ ಹೊತ್ತಿಗೆ ಕೊನೆಯ ಮಳಿಗೆಯನ್ನೂ ಮುಚ್ಚಿತು. ವಾಲ್‌ಗ್ರೀನ್ಸ್ ಮೂರು ವರ್ಷಗಳಲ್ಲಿ 1,200 ಮಳಿಗೆ ಮುಚ್ಚುವುದಾಗಿ 2024ರಲ್ಲಿ ಸಾರಿ, ಮರುವರ್ಷ ಸಿಕಮೋರ್ ಪಾರ್ಟ್‌ನರ್ಸ್ ಎಂಬ ಖಾಸಗಿ ಹೂಡಿಕೆದಾರರ ವಶವಾಯಿತು. ಇದನ್ನು ನೇರ ಮಾರಾಟದ ತಲೆಗೆ ಕಟ್ಟುವುದು ತಪ್ಪು. ರೈಟ್ ಏಯ್ಡ್ ಮುಳುಗಿದ್ದು ಸಾಲದಲ್ಲಿ ಮತ್ತು ಓಪಿಯಾಯ್ಡ್ ನೋವುನಿವಾರಕಗಳ ಮೊಕದ್ದಮೆಗಳಲ್ಲಿ. ಅಮೆರಿಕದಲ್ಲಿ ಮಾರಾಟವಾಗುವ ಚೀಟಿ ಔಷಧಗಳಲ್ಲಿ ಹತ್ತಕ್ಕೆ ಒಂಬತ್ತು ಪಾಲು ಅಗ್ಗದ ಜೆನೆರಿಕ್‌ಗಳು. ಅವನ್ನು ಯಾವ ದೊಡ್ಡ ತಯಾರಕನೂ ಮನೆಗೆ ತಂದುಕೊಡುವುದಿಲ್ಲ. ಸರಣಿಗಳಿಗೆ ನಿಜವಾಗಿ ತಪ್ಪುವುದು ಔಷಧಕ್ಕೆ ಬಂದವರು ಸೋಪು, ಶಾಂಪೂ ಕೊಂಡು ಹೋಗುತ್ತಿದ್ದ ಆ ಭೇಟಿ.

ರೋಗಿಯ ಲೆಕ್ಕ ಬೇರೆ. ನಗದು ಕೊಟ್ಟು ಕೊಂಡದ್ದು ಸಾಮಾನ್ಯವಾಗಿ ವಿಮೆಯಡಿ ರೋಗಿ ಕೈಯಿಂದ ಭರಿಸಬೇಕಾದ ವಾರ್ಷಿಕ ಮಿತಿಗೆ ಜಮೆಯಾಗುವುದಿಲ್ಲ. ಅದಕ್ಕಿಂತ ದೊಡ್ಡ ಆತಂಕವೆಂದರೆ, ಒಂದು ಔಷಧ ಅಂಚೆಯಲ್ಲಿ, ಇನ್ನೊಂದು ಅಂಗಡಿಯಿಂದ ಬಂದಾಗ ಎರಡೂ ಕೂಡುತ್ತವೆಯೇ ಎಂದು ಒಂದೇ ಕಣ್ಣಲ್ಲಿ ನೋಡುವ ಫಾರ್ಮಸಿಸ್ಟ್ ಇಲ್ಲವಾಗುತ್ತಾರೆ.

ತಯಾರಕರೂ ಅಂಗಡಿಯನ್ನು ಪೂರ್ತಿ ಬಿಟ್ಟಿಲ್ಲ. ಲಿಲ್ಲಿ ತಾನೇ ಫಾರ್ಮಸಿ ನಡೆಸುವುದಿಲ್ಲ. ರವಾನೆಗೆ ಅಮೆಜಾನ್ ಫಾರ್ಮಸಿಯಂಥವರನ್ನು ನೆಚ್ಚಿದೆ. 2025ರ ಕೊನೆಯಲ್ಲಿ ಅದು ವಾಲ್‌ಮಾರ್ಟ್ ಜೊತೆ ಒಪ್ಪಂದ ಮಾಡಿಕೊಂಡಿತು. ಲಿಲ್ಲಿಡೈರೆಕ್ಟ್ ಬೆಲೆಗೆ ಜೆಪ್‌ಬೌಂಡ್ ಸೀಸೆ ಬೇಕಾದವರು ಈಗ ವಾಲ್‌ಮಾರ್ಟ್ ಫಾರ್ಮಸಿಯ ಕೌಂಟರಿಗೇ ಹೋಗಿ ಪಡೆಯಬಹುದು.