ಮರಿಯಮ್ಮನವರ ದರ್ಶನ, ಕಣ್ಣೀರಿಡುವ ಪ್ರತಿಮೆ: ಇಂಥ ವಿಡಿಯೊ ಬಂದರೆ ಕ್ರೈಸ್ತರು ಏನು ಮಾಡಬೇಕು?

‘ಆಕಾಶದಲ್ಲಿ ಮಾತೆ ಮರಿಯಮ್ಮ ಕಾಣಿಸಿಕೊಂಡಿದ್ದಾರೆ. ಹತ್ತು ಜನರಿಗೆ ಕಳುಹಿಸಿ, ಇಂದೇ ಶುಭ ಸುದ್ದಿ ಬರುತ್ತದೆ.’ ಇಂಥ ಸಂದೇಶ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ನಂಬಲು ಅನುಮಾನ, ಅಳಿಸಲು ಭಯ. ಪ್ರಶ್ನೆ ಕೇಳಿದರೆ ವಿಶ್ವಾಸ ಸಾಲದು ಎಂದಾರು ಎಂಬ ಅಳುಕು ಬೇರೆ. ಆದರೆ ಪರೀಕ್ಷಿಸದೆ ನಂಬಬೇಡಿ ಎಂದು ಹೇಳುವುದರಲ್ಲಿ ಧರ್ಮಸಭೆಯೇ ಮುಂದಿದೆ.

ಬೈಬಲ್ ಏನು ಹೇಳುತ್ತದೆ?

ಬೈಬಲ್‌ನಲ್ಲಿ ದರ್ಶನಗಳೂ ಇವೆ, ಎಚ್ಚರಿಕೆಗಳೂ ಇವೆ. ಎಲ್ಲ ಆತ್ಮಗಳನ್ನೂ ನಂಬದೆ, ಅವು ದೇವರಿಂದ ಬಂದವೇ ಎಂದು ಪರೀಕ್ಷಿಸುವಂತೆ 1 ಯೋಹಾನ 4:1 ತಿಳಿಸುತ್ತದೆ. ಎಲ್ಲವನ್ನೂ ಪರಿಶೋಧಿಸಿ ಒಳ್ಳೆಯದನ್ನು ಉಳಿಸಿಕೊಳ್ಳಿ ಎನ್ನುವುದು 1 ಥೆಸಲೋನಿಕ 5:21ರ ಸಾರ. ಸೈತಾನನೂ ಬೆಳಕಿನ ದೂತನ ವೇಷ ಹಾಕಬಲ್ಲ ಎನ್ನುತ್ತದೆ 2 ಕೊರಿಂಥ 11:14. ಹೀಗಾಗಿ ಪರೀಕ್ಷಿಸುವುದು ಅವಿಶ್ವಾಸವಲ್ಲ.

ಕಥೋಲಿಕ ಧರ್ಮಸಭೆ ಹೇಗೆ ಪರಿಶೀಲಿಸುತ್ತದೆ?

ದರ್ಶನದ ಸುದ್ದಿ ಬಂದರೆ ಆ ಧರ್ಮಪ್ರಾಂತ್ಯದ ಬಿಷಪ್ ತನಿಖೆ ನಡೆಸುತ್ತಾರೆ. ಫ್ರಾನ್ಸಿನ ಲೂರ್ದ್‌ನಲ್ಲಿ 14 ವರ್ಷದ ಬಾಲಕಿ ಬರ್ನಡೆಟ್ 1858ರಲ್ಲಿ ದರ್ಶನ ಕಂಡೆನೆಂದಳು. ಅಲ್ಲಿನ ಬಿಷಪ್ ಆಯೋಗ ನೇಮಿಸಿ, ವಿಚಾರಣೆ ಮುಗಿಸಿ ಒಪ್ಪಿಗೆ ಕೊಟ್ಟದ್ದು 1862ರಲ್ಲಿ. ಅಲ್ಲಿ ಕಾಯಿಲೆ ವಾಸಿಯಾಯಿತೆಂದು 7,000ಕ್ಕೂ ಹೆಚ್ಚು ಮಂದಿ ಹೇಳಿಕೊಂಡಿದ್ದಾರೆ. ವೈದ್ಯರ ಪರಿಶೀಲನೆಯ ನಂತರ ಧರ್ಮಸಭೆ ಪವಾಡವೆಂದು ಒಪ್ಪಿದ್ದು ಸುಮಾರು 70 ಪ್ರಕರಣಗಳನ್ನು ಮಾತ್ರ.

2024ರ ಮೇ ತಿಂಗಳಲ್ಲಿ ವ್ಯಾಟಿಕನ್ ಹೊಸ ನಿಯಮಗಳನ್ನು ತಂದಿತು. ಈಗ ಆರು ಬಗೆಯ ತೀರ್ಮಾನಗಳಿವೆ. ಅವುಗಳಲ್ಲಿ ಅತ್ಯಂತ ಅನುಕೂಲಕರವಾದದ್ದರ ಅರ್ಥವೂ ‘ಅಡ್ಡಿಯಿಲ್ಲ’ ಎಂದಷ್ಟೇ. ಜನ ಅಲ್ಲಿ ಪ್ರಾರ್ಥಿಸಬಹುದು, ಆದರೆ ನಡೆದದ್ದು ದೈವಿಕ ಘಟನೆಯೇ ಎಂದು ಸಾಮಾನ್ಯವಾಗಿ ಘೋಷಿಸುವುದಿಲ್ಲ. ಬೋಸ್ನಿಯಾದ ಮೆಜುಗೊರಿಯೆಯಲ್ಲಿ 1981ರಿಂದ ದರ್ಶನದ ಮಾತಿದೆ. 2024ರ ಸೆಪ್ಟೆಂಬರ್‌ನಲ್ಲಿ ಅದಕ್ಕೆ ಸಿಕ್ಕಿದ್ದೂ ಈ ‘ಅಡ್ಡಿಯಿಲ್ಲ’ ಮಾತ್ರ.

ಒಪ್ಪಿಗೆ ಸಿಕ್ಕ ದರ್ಶನವನ್ನೂ ನಂಬಲೇಬೇಕೆಂಬ ಕಡ್ಡಾಯ ಕಥೋಲಿಕರಿಗಿಲ್ಲ. ಅದು ‘ಖಾಸಗಿ ಪ್ರಕಟಣೆ’, ಬೈಬಲ್‌ಗೆ ಸೇರ್ಪಡೆಯಲ್ಲ. ಪ್ರೊಟೆಸ್ಟಂಟ್ ಸಭೆಗಳಲ್ಲಿ ಇಂಥ ತನಿಖೆಗೆ ಕೇಂದ್ರ ವ್ಯವಸ್ಥೆ ಇಲ್ಲ. ಅಲ್ಲಿ ಬೈಬಲ್ಲೇ ಅಳತೆಗೋಲು.

ವಿಜ್ಞಾನ ಏನು ಹೇಳುತ್ತದೆ?

ಮೋಡ, ಗೋಡೆಯ ಕಲೆ, ಮರದ ತೊಗಟೆಗಳಲ್ಲಿ ಮುಖ ಕಾಣುವುದು ನಮ್ಮ ಮೆದುಳಿನ ಅಭ್ಯಾಸ. ಇದಕ್ಕೆ ಪ್ಯಾರಿಡೋಲಿಯಾ ಎಂದು ಹೆಸರು. ಅರೆನಿದ್ದೆಯಲ್ಲಿ ಯಾರೋ ಪಕ್ಕದಲ್ಲಿ ನಿಂತಂತೆ ಕಾಣುವುದು ಆರೋಗ್ಯವಂತರಿಗೂ ಆಗುತ್ತದೆ.

2012ರಲ್ಲಿ ಮುಂಬೈನ ಚರ್ಚೊಂದರ ಬಳಿ ಶಿಲುಬೆಯ ಯೇಸುವಿನ ಪಾದದಿಂದ ನೀರು ತೊಟ್ಟಿಕ್ಕತೊಡಗಿತು. ಜನ ಅದನ್ನು ತೀರ್ಥವೆಂದು ಸಂಗ್ರಹಿಸಿದರು. ಹತ್ತಿರದ ಚರಂಡಿ ಕಟ್ಟಿಕೊಂಡು, ಬತ್ತಿಯಲ್ಲಿ ಎಣ್ಣೆ ಏರುವಂತೆ ನೀರು ಗೋಡೆಯೊಳಗೆ ಏರಿ ಬರುತ್ತಿದೆ ಎಂದು ವಿಚಾರವಾದಿ ಸನಲ್ ಎಡಮರುಕು ವಿವರಿಸಿದರು. ತೀರ್ಥವೆಂದು ಕುಡಿದರೆ ಅಂಥ ನೀರು ಕಾಯಿಲೆ ತರಬಹುದು. ಎಡಮರುಕು ವಿರುದ್ಧ ಧಾರ್ಮಿಕ ಭಾವನೆಗೆ ಧಕ್ಕೆ ತಂದರೆಂಬ ದೂರುಗಳು ದಾಖಲಾದವು. ಅದೇ ವರ್ಷ ಅವರು ಫಿನ್‌ಲ್ಯಾಂಡ್‌ಗೆ ಹೋದರು.

ಕಣ್ಣು ಹೋಗುವ ಅಪಾಯ

2008ರಲ್ಲಿ ಕೇರಳದ ಕೊಟ್ಟಾಯಂ ಜಿಲ್ಲೆಯಲ್ಲಿ, ಸೂರ್ಯನಲ್ಲಿ ಮರಿಯಮ್ಮ ಕಾಣುತ್ತಾರೆಂಬ ವದಂತಿ ನಂಬಿ ಬರಿಗಣ್ಣಿನಿಂದ ನೋಡಿದ ಸುಮಾರು 50 ಮಂದಿಯ ದೃಷ್ಟಿಗೆ ಹಾನಿಯಾಗಿದ್ದು ವರದಿಯಾಗಿತ್ತು. ಸೂರ್ಯನ ಬೆಳಕು ಕಣ್ಣಿನ ಹಿಂಭಾಗದ ರೆಟಿನಾವನ್ನು ಹಾಳುಮಾಡುತ್ತದೆ. ರೆಟಿನಾಕ್ಕೆ ನೋವು ಗೊತ್ತಾಗದ ಕಾರಣ, ಹಾನಿಯಾಗುತ್ತಿರುವುದು ಆ ಹೊತ್ತಿಗೆ ತಿಳಿಯುವುದೇ ಇಲ್ಲ. ಕೆಲವರಿಗೆ ದೃಷ್ಟಿ ಮರಳುತ್ತದೆ, ಕೆಲವರಿಗೆ ಶಾಶ್ವತವಾಗಿ ಹೋಗುತ್ತದೆ. ಸೂರ್ಯ ಕುಣಿದಂತೆ, ಬಣ್ಣ ಬದಲಿಸಿದಂತೆ ಕಂಡರೆ ಅದು ಕಣ್ಣು ದಣಿದ ಲಕ್ಷಣವೂ ಆಗಿರಬಹುದು. ಆದ್ದರಿಂದ ಯಾರು ಹೇಳಿದರೂ ಸೂರ್ಯನನ್ನು ದಿಟ್ಟಿಸಬೇಡಿ, ಮಕ್ಕಳಿಗೂ ತೋರಿಸಬೇಡಿ.

ಫಾರ್ವರ್ಡ್ ಮಾಡುವ ಮುನ್ನ ಕೇಳಿಕೊಳ್ಳಿ

1. ಎಲ್ಲಿ, ಯಾವಾಗ, ಯಾರಿಗೆ ಕಂಡಿತು ಎಂಬ ವಿವರ ಇದೆಯೇ? ಹಳೆಯ ಅಥವಾ ಎಐ ವಿಡಿಯೊ ಅಲ್ಲವೇ?
2. ನೀರು, ಬೆಳಕು, ನೆರಳು, ತೇವದಂಥ ಸಹಜ ಕಾರಣಗಳನ್ನು ಯಾರಾದರೂ ಪರಿಶೀಲಿಸಿದ್ದಾರೆಯೇ?
3. ಸಂದೇಶ ಬೈಬಲ್ ಬೋಧನೆಗೆ ಒಪ್ಪುತ್ತದೆಯೇ?
4. ಹಣ, ಹೆಸರು, ಅಧಿಕಾರ ಯಾರಿಗೆ ಸಿಗುತ್ತಿದೆ? ಕ್ಯೂಆರ್ ಕೋಡ್ ಇದ್ದರೆ ಇನ್ನಷ್ಟು ಎಚ್ಚರ.
5. ‘ಕಳುಹಿಸದಿದ್ದರೆ ಕೇಡು’ ಎಂದು ಹೆದರಿಸುತ್ತಿದೆಯೇ? ಔಷಧಿ ನಿಲ್ಲಿಸಿ ಎನ್ನುತ್ತಿದೆಯೇ? ಹಾಗಿದ್ದರೆ ಅಲ್ಲಿಗೇ ಬಿಡಿ.
6. ನಿಮ್ಮ ಬಿಷಪ್ ಅಥವಾ ಪಾಲಕರು ಏನೆನ್ನುತ್ತಾರೆ?

ದರ್ಶನ ಕಂಡೆನೆಂದ ವ್ಯಕ್ತಿಯನ್ನು ಗೇಲಿ ಮಾಡುವುದೂ ಸಲ್ಲದು. ಅವರು ಸುಳ್ಳು ಹೇಳದೆಯೂ ತಪ್ಪು ತಿಳಿದಿರಬಹುದು. ಅವರಿಗೆ ನಿದ್ದೆಯಿಲ್ಲದಿದ್ದರೆ, ಧ್ವನಿಗಳು ಕೇಳಿಸುತ್ತಿದ್ದರೆ ವೈದ್ಯರ ಬಳಿ ಕರೆದುಕೊಂಡು ಹೋಗಿ.

ನಮ್ಮ ತೀರ್ಮಾನ

ದೇವರು ದರ್ಶನ ಕೊಡಬಲ್ಲರೇ ಎಂಬುದು ವಿಶ್ವಾಸದ ವಿಷಯ, ಅದನ್ನು ನಾವು ತೀರ್ಮಾನಿಸಲಾರೆವು. ಆದರೆ ಫೋನಿಗೆ ಬಂದ ವಿಡಿಯೊ ನಿಜವೇ ಎಂಬುದನ್ನು ಪರಿಶೀಲಿಸಲು ಸಾಧ್ಯ. ಲೂರ್ದ್‌ನ ಬಿಷಪ್ ತೀರ್ಮಾನಕ್ಕೆ ಬರಲು ನಾಲ್ಕು ವರ್ಷ ತೆಗೆದುಕೊಂಡರು. ಫಾರ್ವರ್ಡ್ ಬಟನ್ ಒತ್ತುವ ಮುನ್ನ ನಾವು ನಾಲ್ಕು ನಿಮಿಷವಾದರೂ ಕಾಯೋಣ.