ಮೈಲುತುತ್ತ: ತಾಮ್ರದ ಕೋಆರ್ಡಿನೇಷನ್ ಪಾಲಿಮರ್

ಮೈಲುತುತ್ತವೆಂದರೆ ಪ್ರತಿ ತಾಮ್ರದ ಅಯಾನಿಗೆ ಐದು ನೀರಿನ ಅಣುಗಳಿರುವ ತಾಮ್ರದ ಸಲ್ಫೇಟ್. ಮಲೆನಾಡಿನ ಅಡಿಕೆ ಬೆಳೆಗಾರರು ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಇದೇ ಆಧಾರ: 100 ಲೀಟರ್ ನೀರಿಗೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ. ತಾಮ್ರದ ಆಕ್ಸೈಡನ್ನು ಬಿಸಿಯಾದ ಸಾರರಿಕ್ತ ಗಂಧಕಾಮ್ಲದಲ್ಲಿ ಕರಗಿಸಿ, ಸೋಸಿ, ಅಲುಗಾಡಿಸದೆ ನಿಧಾನವಾಗಿ ಆರಲು ಬಿಟ್ಟರೆ ಮೈಲುತುತ್ತದ ಕಡುನೀಲಿ ಹರಳುಗಳು ಕಟ್ಟುತ್ತವೆ. ಆತುರಪಟ್ಟರೆ ಸಣ್ಣ ಹರಳುಗಳಷ್ಟೇ ಸಿಗುತ್ತವೆ.

ಇದರ ಒಳರಚನೆ ಬೆರಗು ಹುಟ್ಟಿಸುವಂಥದು. ಪ್ರತಿ ತಾಮ್ರದ ಅಯಾನಿನ ಸುತ್ತ ಒಂದೇ ಸಮತಲದಲ್ಲಿ ನಾಲ್ಕು ನೀರಿನ ಅಣುಗಳು; ಮೇಲೂ ಕೆಳಗೂ, ತುಸು ದೂರದಲ್ಲಿ, ಸಲ್ಫೇಟಿನ ಆಕ್ಸಿಜನ್‌ಗಳು. ಒಂದೊಂದು ಸಲ್ಫೇಟ್ ಎರಡು ತಾಮ್ರಗಳನ್ನು ಬೆಸೆಯುವುದರಿಂದ ಹರಳಿನುದ್ದಕ್ಕೂ ಸರಪಳಿ ಬೆಳೆಯುತ್ತದೆ; ಕೋಆರ್ಡಿನೇಷನ್ ಪಾಲಿಮರ್ ಎನ್ನುವುದು ಇದಕ್ಕೇ. ಐದನೆಯ ನೀರು ತಾಮ್ರವನ್ನು ಮುಟ್ಟುವುದೇ ಇಲ್ಲ. ಅದು ಹೈಡ್ರೋಜನ್ ಬಂಧಗಳಿಂದ ಸರಪಳಿಗಳ ನಡುವೆ ನಿಂತಿದೆ. ಕಾಯಿಸಿದರೆ ನೀರು ಹೋಗಿ, ನೀಲಿ ಅಳಿದು, ಬಿಳಿ ಪುಡಿ ಉಳಿಯುತ್ತದೆ.

1912ರಲ್ಲಿ ಮ್ಯೂನಿಕ್‌ನಲ್ಲಿ, ಭೌತವಿಜ್ಞಾನಿ ಲೌವೆಯ ಸೂಚನೆಯಂತೆ, ಫ್ರೀಡ್ರಿಖ್ ಮತ್ತು ಕ್ನಿಪಿಂಗ್ ಎಕ್ಸ್-ಕಿರಣ ಹಾಯಿಸಿ ಮೊದಲ ವಿವರ್ತನ ಚಿತ್ರ ಪಡೆದದ್ದು ಈ ಹರಳಿನಿಂದಲೇ. ರಚನೆಯನ್ನು 1934ರಲ್ಲಿ ಬಿಡಿಸಿದವರು ಬೀವರ್ಸ್ ಮತ್ತು ಲಿಪ್ಸನ್. ಇದೇ ಬೆಸುಗೆಯ ತತ್ವದಲ್ಲಿ, ಸಲ್ಫೇಟಿನ ಬದಲು ಸಾವಯವ ಕೊಂಡಿ ಹಾಕಿ, ಅನಿಲ ಹಿಡಿದಿಡುವ ರಂಧ್ರಗಳಿರುವ ಜಾಲಗಳನ್ನು ಕಟ್ಟುವ ಸಂಶೋಧನೆ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ನಡೆದಿದೆ.