ತಾನಸೇನ, ಕಾನಸೇನ ಮತ್ತು ಆಡಿಯೋಫಿಲೊ

ಇಟಲಿಯಲ್ಲಿ ಧ್ವನಿಮುದ್ರಣದ ಸೊಗಸಿಗೆ ಮನಸೋತವನನ್ನು 'ಆಡಿಯೋಫಿಲೊ' ಎನ್ನುತ್ತಾರೆ. 'ಆಡಿಯೋ' ಬಂದದ್ದು ಕೇಳು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ. 'ಫಿಲೊ' ಎಂದರೆ ಗ್ರೀಕಿನಲ್ಲಿ ಪ್ರಿಯ. ಇಟಾಲಿಯನ್ನಿಗೆ ಲ್ಯಾಟಿನ್ ತಾಯಿನುಡಿ. ಆದರೂ ಈ ಪದ ಎರಡನೆಯ ಮಹಾಯುದ್ಧದ ನಂತರ, 1948ರಲ್ಲಿ ಎಲ್.ಪಿ. ತಟ್ಟೆಗಳು ಬಂದ ಮೇಲೆ, ಇಂಗ್ಲಿಷಿನ 'ಆಡಿಯೋಫೈಲ್' ಮೂಲಕ ಸುತ್ತುಬಳಸಿ ಅಲ್ಲಿಗೆ ತಲುಪಿತು. ಮಗಳು ತವರಿನ ಒಡವೆಯನ್ನು ನೆರೆಮನೆಯಿಂದ ಕಡ ತಂದ ಹಾಗೆ!

ನಮ್ಮಲ್ಲಿ ಇಂಥವನಿಗೆ ಹೆಸರಿಲ್ಲವೇ? ಐನಾಪುರ, ಕಾಗವಾಡ, ಅಥಣಿಯ ಕಡೆಯ ಸಂಗೀತಪ್ರಿಯರನ್ನು ಕೇಳಿ ನೋಡಿ. ತಾನಸೇನನಾಗದಿದ್ದರೆ ಚಿಂತೆಯಿಲ್ಲ, 'ಕಾನಸೇನ'ನಾದರೂ ಆಗಬೇಕು ಎಂಬ ಮಾತು ಹಿಂದೂಸ್ತಾನಿ ಸಂಗೀತದವರಲ್ಲಿ ಬಹಳ ಬಳಕೆಯಲ್ಲಿದೆ. 'ಕಾನ್' ಎಂದರೆ ಹಿಂದಿಯಲ್ಲಿ, ಮರಾಠಿಯಲ್ಲಿ ಕಿವಿ. ಸಂಸ್ಕೃತದ 'ಕರ್ಣ'ವೇ ಅದರ ಮೂಲ. 'ಸೇನ' ಎಂಬುದಕ್ಕೆ ಇಲ್ಲಿ ಬೇರೆ ಅರ್ಥವಿಲ್ಲ, ಪ್ರಾಸಕ್ಕಾಗಿ ಬಂದದ್ದು. ತಾನಸೇನನು ಅಕ್ಬರನ ಆಸ್ಥಾನ ಸೇರಿದ್ದು 1562ರ ಸುಮಾರಿಗೆ. ಅವನ ಕೀರ್ತಿ ಹರಡಿದ ಮೇಲೆಯೇ ಈ ಹಾಸ್ಯ ಹುಟ್ಟಲು ಸಾಧ್ಯವೆಂದು ನೀವೇ ಊಹಿಸಬಹುದು.

ಎರಡೂ ಪದಗಳು ಒಂದೇ ಎನ್ನಲು ನನಗೆ ಮನಸ್ಸಿಲ್ಲ. ಆಡಿಯೋಫಿಲೊನ ಕಣ್ಣು ಯಂತ್ರದ ಮೇಲೆ. ಕಾನಸೇನನ ಕಿವಿ ಗಾಯಕನ ಮೇಲೆ. ಆದರೆ ಯಂತ್ರವನ್ನು ಹಗುರವಾಗಿ ಕಾಣುವಂತಿಲ್ಲ.

ಐನಾಪುರಕ್ಕೆ ದೂರವಲ್ಲದ ಮಿರಜದಲ್ಲಿ ನೆಲೆಸಿದ್ದವರು ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನ್. ಮೈಸೂರು ಅರಮನೆಯಲ್ಲೂ ಹಾಡಿದವರು. ಕೀಲಿ ಕೊಟ್ಟು ತಿರುಗಿಸುವ ಗ್ರಾಮೋಫೋನಿನ ತಟ್ಟೆಯಲ್ಲಿ ಒಂದು ಬದಿಗೆ ಸುಮಾರು ಮೂರು ನಿಮಿಷ ಮಾತ್ರ ಅವಕಾಶ. ಗಂಟೆಗಟ್ಟಲೆ ರಾಗ ಬೆಳೆಸುವವರಿಗೆ ಅದೆಂಥ ಇಕ್ಕಟ್ಟು! ಸೂಜಿಯ ಕರಕರ ಸದ್ದು ಬೇರೆ. ಇಂದಿನ ಆಡಿಯೋಫಿಲೊ ಮೂಗು ಮುರಿದಾನು.

ಅಂಥದೇ ತಟ್ಟೆಯೊಂದರಲ್ಲಿ ಖಾನ್ ಸಾಹೇಬರ ಝಿಂಝೋಟಿ ರಾಗದ ಠುಮ್ರಿಯನ್ನು ಗದಗಿನ ಬಾಲಕನೊಬ್ಬ ಕೇಳಿದ. ಹಾಗೆಯೇ ಹಾಡಬೇಕೆಂಬ ಹಟ ಹತ್ತಿತು. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕುತ್ತ ಮನೆ ಬಿಟ್ಟ. ಗ್ವಾಲಿಯರ್ ಮೊದಲಾದ ಊರುಗಳನ್ನು ಅಲೆದ. ತಂದೆ ಹುಡುಕಿ ಮನೆಗೆ ಕರೆತಂದರು. ಕೊನೆಗೆ ಗುರು ಸಿಕ್ಕಿದ್ದು ಗದಗಿನಿಂದ ಬಹು ದೂರವಲ್ಲದ ಕುಂದಗೋಳದಲ್ಲಿ: ಖಾನ್ ಸಾಹೇಬರ ಶಿಷ್ಯರೇ ಆದ ಸವಾಯಿ ಗಂಧರ್ವರು. ಆ ಬಾಲಕನ ಹೆಸರಿನಲ್ಲೂ ಒಂದು 'ಸೇನ' ಇತ್ತು: ಭೀಮಸೇನ ಜೋಶಿ.